ಪಟ್ಟಿ ಕಟ್ಟಿದಿರಿ, ಬಿಚ್ಚುವುದು ಯಾವಾಗ ಎನ್ನಲಿಲ್ಲ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ನನ್ನ ಕುತ್ತಿಗೆಗೆ ಪಟ್ಟಿ ಕಟ್ಟಿದರು. ಯಾವಾಗ ಬಿಚ್ಚಬೇಕೆಂದು ಹೇಳಲಿಲ್ಲ. ದೊಡ್ಡವರು ಕಟ್ಟಿದ್ದನ್ನು ಅವರನ್ನು ಕೇಳದೆ ಬಿಚ್ಚುವುದು ನಮ್ಮ ಮನೆತನದ ರೂಢಿಯಲ್ಲ. ಹೀಗಾಗಿ ಯುಗಾದಿಗೆ ಕಟ್ಟಿದ ಪಟ್ಟಿಯಲ್ಲೇ ನಾನು ಕಾರಹುಣ್ಣಿಮೆಯನ್ನೂ ಮಾಡಿದೆ.

ಯಜಮಾನರು ತೀರಿಕೊಂಡ ಮೇಲೆ ಮೊದಲ ಸಲ ತವರೂರು ಪಾರಿಶ್ವಾಡಕ್ಕೆ ಹೋಗಿದ್ದೆ. ಖಾನಾಪುರದಿಂದ ಬಸ್ಸಿನಲ್ಲಿ ಮರಳುವಾಗ ಪೀರನವಾಡಿ ಹತ್ತಿರ ಟೆಂಪೋ ಒಂದು ಹಿಂದಿನಿಂದ ಗುದ್ದಿತು. ತಲೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ರಕ್ತವಿಲ್ಲ, ಗಾಯವಿಲ್ಲ. ನಿಮ್ಮ ಡಾಕ್ಟರು ಎಕ್ಸ್‌ರೇ ನೋಡಿ, “ಎಲುಬು ಮುರದಿಲ್ರೀ ಅಮ್ಮಾ, ಏನೂ ಆಗಿಲ್ಲ, ನಡೀರಿ” ಎಂದರು. ಏನೂ ಆಗದ ಕುತ್ತಿಗೆಗೆ ಪಟ್ಟಿ ಏಕೆ? ಮರುದಿನದಿಂದ ತಲೆನೋವು, ಎದ್ದು ನಿಂತರೆ ಮನೆಯೇ ತೊಟ್ಟಿಲಂತೆ ತೂಗುವುದು.

ಆ ಪಟ್ಟಿಯ ಮಹಿಮೆ ಏನು ಹೇಳಲಿ! ಓಣಿಯ ದುಂಡಪ್ಪ ಕೈಮುಗಿದರೆ ತಲೆ ಬಾಗಿಸಲಾಗದೆ ಸೆಟೆದು ನಿಂತೆ. “ಏನ್ರೀ ಕಾಕೂ, ಇಲೆಕ್ಷನ್ ಗೆದ್ದೀರೇನ? ಮಂದಿ ಕಾಣವಲ್ರು ನಿಮಗ!” ಎಂದ. ಪೂಜೆಗೆ ಕೂತರೆ ಅಂಗೈಯ ಇಷ್ಟಲಿಂಗ ಕಾಣದು. ಹಿಟ್ಟಿನ ಡಬ್ಬಿಯ ಮೇಲೆ ಮೊಣಕೈ ಊರಿ ಲಿಂಗವನ್ನೇ ಮೂಗಿನ ಮಟ್ಟಕ್ಕೆ ಎತ್ತಿದೆ. ದಿನಚರಿಯನ್ನು ಗೋಡೆಗೆ ಒತ್ತಿ ಹಿಡಿದು ಬರೆದೆ. ಸಾರಿನ ಪಾತ್ರೆಗೆ ಇಣುಕಲಾಗದೆ ಮೇಲೆ ಕನ್ನಡಿ ಹಿಡಿದೆ. ಕನ್ನಡಿಗೆ ಹಬೆ ಹತ್ತಿತು, ಸಾರು ತಳ ಹತ್ತಿತು.

ನೆರೆಮನೆಯ ಪದ್ಮಾಕರ ಅವರ ಮಗಳು ಬ್ರಾಹ್ಮಿ ಫಿಜಿಯೋಥೆರಪಿ ಕಲಿತವಳು. ರಜೆಗೆ ಬಂದವಳು ನನ್ನನ್ನು ಕಂಡು ಹಣೆ ಬಡಿದುಕೊಂಡಳು. “ಅಯ್ಯ ಕಾಕೂ, ಇನ್ನೂ ಇದನ್ನ ಹಾಕ್ಕೊಂಡ ಅಡ್ಡಾಡಾಕತ್ತೀರಿ? ಕುತ್ತಿಗಿ ಕಟಗಿ ಆಗೇತಿ!” ಇಂಥ ಜರ್ಕಿಗೆ ಎಲುಬು ಮುರಿಯದಿದ್ದರೂ ಸ್ನಾಯುಗಳು ಉಳುಕಿರುತ್ತವೆ, ಅದು ಎಕ್ಸ್‌ರೇಗೆ ಕಾಣದು, ಎಲುಬು ಗಟ್ಟಿಯಿದೆಯೆಂದು ಖಾತ್ರಿಯಾದ ಮೇಲೆ ಕುತ್ತಿಗೆಯನ್ನು ಮೆಲ್ಲಗೆ ಆಡಿಸುತ್ತಿರಬೇಕು, ಕೈ ಜೋಮು ಹಿಡಿದರೆ, ಬಲ ಕುಂದಿದರೆ ತಡಮಾಡದೆ ತೋರಿಸಬೇಕು ಎಂದಳು. ಪಟ್ಟಿ ಕಟ್ಟುತ್ತಲೇ ಇಷ್ಟು ಹೇಳಲು ಬರುತ್ತಿರಲಿಲ್ಲವೇ, ಸಾಹೇಬರೇ?

ತಾನೇ ಪಟ್ಟಿ ಬಿಚ್ಚಿ, ಪೂಜೆಯ ಜಾಗದಲ್ಲೇ ಕೂಡಿಸಿ, “ಬಲಕ್ಕ ನೋಡ್ರಿ” ಎಂದಳು. ನೋಡಿದೆ. “ಈಗ ಎಡಕ್ಕ.” ಎಡಕ್ಕೆ ನಮ್ಮವರ ಮಣೆ ಇತ್ತು. ಪೂಜೆಯಲ್ಲಿ ನಾನು ತೂಕಡಿಸಿದರೆ ಅಲ್ಲಿಂದಲೇ ತಿವಿಯುತ್ತಿದ್ದರು. ಪಟ್ಟಿ ಇರುವತನಕ ಆ ಕಡೆ ನೋಡದಿರಲು ನನಗೊಂದು ನೆಪವಿತ್ತು.

“ಒಲ್ಲೆವ್ವಾ” ಎಂದೆ.

“ಒಲ್ಲೆ ಅನ್ನಾಕರ ಕುತ್ತಿಗಿ ಅಲ್ಲಾಡಸ್ರಿ!”

ನಗು ಉಕ್ಕಿತು. ಅವರು ಹೋದ ಮೇಲಿನ ಒಂದು ವರ್ಷದಲ್ಲಿ ನಾನು ಹಾಗೆ ನಕ್ಕಿರಲಿಲ್ಲ. ನಗುವ ಭರದಲ್ಲಿ ಕುತ್ತಿಗೆ ತಾನೇ ಎಡಕ್ಕೆ ತಿರುಗಿತು. ಮಣೆ ಖಾಲಿಯೇ ಇತ್ತು. ಆದರೂ ನಗು ನಿಲ್ಲಲಿಲ್ಲ. ತಿವಿಯುವವರಿದ್ದರೆ ಅವರೂ ನಗುತ್ತಿದ್ದರು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಪಟ್ಟಿ ಕಟ್ಟಿದ ಪ್ರತಿಯೊಬ್ಬರಿಗೂ ಅದನ್ನು ಬಿಚ್ಚುವ ದಿನವನ್ನು, ಕುತ್ತಿಗೆ ಆಡಿಸುವ ಕ್ರಮವನ್ನು, ಯಾವಾಗ ಓಡಿ ಬರಬೇಕೆಂಬುದನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಬಾಯಿಬಿಟ್ಟು ಹೇಳುವಂತೆ ಇಂದೇ ಆದೇಶಿಸಿ. ಒಪ್ಪಿಗೆಯಿದ್ದರೆ ತಲೆಯಾಡಿಸಿದರೂ ಸಾಕು. ನಿಮ್ಮ ಕುತ್ತಿಗೆಗಂತೂ ಏನೂ ಆಗಿಲ್ಲವಲ್ಲ!

ಇಂತಿ,
ಹಿಟ್ಟಿನ ಡಬ್ಬಿಯನ್ನು ಅಡುಗೆಮನೆಗೆ ಮರಳಿಸಿದ, ಎಡಕ್ಕೆ ಇನ್ನೂ ತುಸು ಕಡಿಮೆಯೇ ತಿರುಗುವ
ಗಂಗಾದೇವಿ, ಶಹಾಪುರ, ಬೆಳಗಾವಿ