ದಾರ ಹಿಡಿದು ಹುಡುಕುವ ಗೋಡೆ

ಚೆಂಬೂರು
ಗುರುವಾರ, ೯ ಜನವರಿ ೨೦೨೫

ಪ್ರೀತಿಯ ಅಮ್ಮಿಗೆ ನಿಖತಳ ಸಲಾಮ್,

ಅಬ್ಬಾನ ಹೆಸರೆತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಹರಿ, ಆದರೆ ಓದಿ ಹರಿ.

ಅಬ್ಬಾ ತೀರಿಕೊಂಡು ನಲವತ್ತು ದಿನವಾಯಿತು. ಗ್ರಾಂಟ್ ರೋಡಿನ ಲಾಡ್ಜಿನವರು ಕೋಣೆ ಖಾಲಿ ಮಾಡಿ ಎಂದಿದ್ದಾರೆ. ನಲವತ್ತು ವರ್ಷ ಅಲ್ಲೇ ಗುಮಾಸ್ತರಾಗಿದ್ದ ನಿನ್ನ ಗಂಡ ನಬೀಸಾಬರು ಬಿಟ್ಟುಹೋದದ್ದು ಎರಡು ಜೊತೆ ಬಟ್ಟೆ, ಮತ್ತೆ ನಿನ್ನ ಸವತಿ. ಹೌದು, ಅದೇ ಗೋಡೆ. ಗೋಡೆಯುದ್ದಕ್ಕೂ ಚಹಾ ಪೆಟ್ಟಿಗೆಯ ಹಲಗೆಯಿಂದ ಮಾಡಿದ ಖಾನೆಗಳು, ತಾಲೂಕಿಗೊಂದು. ನಮ್ಮ ಕಡೆಯಿಂದ ಮುಂಬೈಗೆ ದುಡಿಯಲು ಬಂದ ಒಬ್ಬೊಬ್ಬರಿಗೂ ಒಂದು ಕಾರ್ಡು. ಯಾರು ಯಾರನ್ನು ಕರೆತಂದರು, ಯಾರು ಎಲ್ಲಿ ಸೇರಿಕೊಂಡರು ಎಂದು ಕಾರ್ಡಿನಿಂದ ಕಾರ್ಡಿಗೆ ದಾರ. ಅದನ್ನೆಲ್ಲ ರದ್ದಿಗೆ ಹಾಕು ಎಂದೆ ನೀನು. ನನಗೂ ಸಿಟ್ಟಿತ್ತು. ನೀನು ನನ್ನನ್ನೆತ್ತಿಕೊಂಡು ತವರೂರು ಇಂಡಿಗೆ ಹೊರಟ ದಿನವೂ ಅವರು ದಾರ ಕಟ್ಟುತ್ತ ಕೂತಿದ್ದರಲ್ಲ.

ಮಂಗಳವಾರ ನಾನು ಕೋಣೆ ಖಾಲಿ ಮಾಡುತ್ತಿದ್ದಾಗ ಸಿಂದಗಿ ಕಡೆಯ ಹಾಲವ್ವ ಎಂಬಾಕೆ ಅಬ್ಬಾನನ್ನು ಕೇಳಿಕೊಂಡು ಬಾಗಿಲಿಗೆ ಬಂದಳು. ಮೂವತ್ತು ವರ್ಷದ ಹಿಂದೆ ಗಾರೆ ಕೆಲಸಕ್ಕೆ ಬಂದ ತಮ್ಮ ಶಿವಪುತ್ರಪ್ಪ ಮತ್ತೆ ಊರ ಕಡೆ ತಲೆ ಹಾಕಿಲ್ಲವಂತೆ. ತಾಯಿ ಹಾಸಿಗೆ ಹಿಡಿದಿದ್ದಾಳಂತೆ. ಮೊಬೈಲಿನಲ್ಲಿ ಹುಡುಕಿದೆ. ಆ ಹೆಸರಿನವರು ನೂರಾರು ಸಿಕ್ಕರು, ಅವನು ಸಿಗಲಿಲ್ಲ. ಬೇರೆ ದಾರಿ ಕಾಣದೆ ಗೋಡೆಯತ್ತ ತಿರುಗಿದೆ. ಅಬ್ಬಾ ಕಾರ್ಡುಗಳನ್ನು ಹೆಸರಿನಿಂದಲ್ಲ, ಊರಿನಿಂದ ಜೋಡಿಸಿದ್ದರು. ಮುಂಬೈಯಲ್ಲಿ ಕೂಲಿಯಾಳು ತರುವ ಮುಕಾದಮ ಕರೆದದ್ದೇ ಹೆಸರು, ಊರನ್ನು ಮಾತ್ರ ಯಾರೂ ಬದಲಿಸುವುದಿಲ್ಲ ಎನ್ನುತ್ತಿದ್ದರೆಂದು ಲಾಡ್ಜಿನವರು ಹೇಳಿದರು. ಸಿಂದಗಿ ಖಾನೆಯಲ್ಲಿದ್ದ ಅವನ ಕಾರ್ಡಿನಿಂದ ಹೊರಟ ದಾರ ಒಬ್ಬ ಮುಕಾದಮನ ಕಾರ್ಡಿಗೆ, ಅಲ್ಲಿಂದ ಕಾಂದಿವಲಿಯ ಒಂದು ಚಾಳಿಗೆ ಹೋಯಿತು. ನಿನ್ನೆ ಇಬ್ಬರೂ ಲೋಕಲ್ ಹಿಡಿದು ಹೋದೆವು. ಅಲ್ಲಿ ಎಲ್ಲರೂ ಸಂತು ಎಂದು ಕರೆಯುವ, ತಲೆ ನರೆತ ಮನುಷ್ಯನೇ ಶಿವಪುತ್ರಪ್ಪ. ಹಾಲವ್ವ ಅವನ ಗದ್ದ ಹಿಡಿದು, "ಅವ್ವ ಇನ್ನಾ ನಿನ್ನ ತಾಟ ತಗದಿಟ್ಟಾಳೋ ತಮ್ಮಾ" ಎಂದಳು.

ವಾಪಸು ಬಂದು ಕೋಣೆ ಜಾಲಾಡಿದಾಗ ೧೯೮೩ರ ಒಂದು ನೋಟ್‌ಬುಕ್ ಸಿಕ್ಕಿತು. ಅದರಲ್ಲೊಂದು ಮೇಜಿನ ಚಿತ್ರ, ಮೇಜಿನ ಮೇಲೆ ಗಾಜು. ಊರಿನ ಹೆಸರು ಒತ್ತಿದರೆ ಅಲ್ಲಿಂದ ಹೊರಟವರೆಲ್ಲ ಗಾಜಿನಲ್ಲಿ ಕಾಣಬೇಕು, ಇಂಥ ಮೇಜು ಎಲ್ಲ ಊರಿನ ಪೋಸ್ಟಾಫೀಸಿನಲ್ಲೂ ಇರಬೇಕು, ಎಲ್ಲವೂ ತಂತಿಯಿಂದ ಒಂದಕ್ಕೊಂದು ಕೂಡಬೇಕು ಎಂದು ಬರೆದಿದ್ದಾರೆ. ಆಗ ಅವರು ಕಂಪ್ಯೂಟರ್ ಕಂಡವರೇ ಅಲ್ಲ. ನಾವು ಹುಚ್ಚು ಎಂದದ್ದನ್ನು ಇವತ್ತು ಜಗತ್ತೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದೆ.

ಗೋಡೆಯನ್ನು ಚೆಂಬೂರಿಗೆ ತರುತ್ತೇನೆ. ಎಲ್ಲ ಖಾನೆಗಳೂ ಭದ್ರವಾಗಿವೆ. ಒಂದು ಸಲ ಬಂದು ನೋಡು.

ನಿನ್ನ ಮಗಳು,
ನಿಖತ

ತಾ.ಕ.: ಎಲ್ಲ ಭದ್ರ ಎಂದದ್ದು ಸುಳ್ಳು. ಸೋಮವಾರವೇ ನಿನ್ನ ಮಾತು ಕೇಳಿ ಒಂದು ಖಾನೆಯ ದಾರಗಳನ್ನು ಕತ್ತರಿಸಿ, ಕಾರ್ಡುಗಳನ್ನು ರದ್ದಿಯವನಿಗೆ ಕೊಟ್ಟಿದ್ದೆ. ಅಂದೇ ಲಾರಿ ಹತ್ತಿದವಂತೆ. ಅದು ಇಂಡಿಯ ಖಾನೆ. ಅಬ್ಬಾನ ಸ್ವಂತ ಕಾರ್ಡಿನಿಂದ ಹೊರಟದ್ದು ಒಂದೇ ದಾರ, ಅದು ಹೋದದ್ದು ಅಲ್ಲಿದ್ದ ನಿನ್ನ ಕಾರ್ಡಿಗೇ. ಅದರಲ್ಲಿ ಅವರು ಏನು ಬರೆದಿದ್ದರೋ, ನಾನು ಓದಲೇ ಇಲ್ಲ.