ಶನಿವಾರ ಮಧ್ಯಾಹ್ನದ ಅಳತೆ

ಆಲ್ಡರ್ ಹಿಲ್, ಮಿಶಿಗನ್
೧೮ ಫೆಬ್ರವರಿ ೧೯೭೯, ಭಾನುವಾರ

ಪ್ರೀತಿಯ ಇಂಪಿ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಈ ಗಂಡನಿಗೆ ನಾಲ್ಕು ಸಾಲು ಗೀಚೋಕೂ ಪುರುಸೊತ್ತಿಲ್ಲವೇ ಅಂತ ಬೈದುಕೊಂಡಿರುತ್ತೀ. ಬೈದುಕೋ, ತಪ್ಪು ನನ್ನದೇ. ಮೊದಲ ವಾರ ಸೋಮಾರಿತನ, ಎರಡನೇ ವಾರ ಹಿಮ. ಸಲಿಕೆ ಹಿಡಿದೂ ಹಿಡಿದೂ ಮಡಚಿದ ಬೆರಳು ಬಿಚ್ಚುತ್ತಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದೆ, ನಿನ್ನ ಅಕ್ಕ ಸಿಲ್ವಿಗೆ ತೋರಿಸಬೇಡ, ಆಡಿಕೊಳ್ಳುತ್ತಾಳೆ.

ಮೊಣಕಾಲು ಸರಿಹೋಗಿದೆಯಂತೆ. ಅಲ್ಲಿ ನಮ್ಮ ಫಿನ್ನಿಶ್ ಜನರ ಭವನದಲ್ಲಿ ನೀನು ಎರಡು ಪೋಲ್ಕಾ ಕುಣಿದೆ ಅಂತ ಸಿಲ್ವಿ ಬರೆದಿದ್ದಳು. ಸಂತೋಷ. ಮೂರು ವಾರ ಬಿಸಿಲು ಕಾಯಿಸಿಕೊಂಡು ಬರ್ತೀನಿ ಅಂತ ಅಕ್ಟೋಬರಿನಲ್ಲಿ ಫ್ಲಾರಿಡಾಕ್ಕೆ ಹೊರಟಾಗ ನೀನು ಮೆಟ್ಟಿಲು ಇಳಿಯಲೂ ನನ್ನ ಭುಜ ಹಿಡಿದಿದ್ದೆ. ಬಿಸಿಲಿಗೆ ಅಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಇಲ್ಲಿನ ಸುದ್ದಿ ಅಂದರೆ ಹಿಮವೇ. ಒಂಬತ್ತನೇ ತಾರೀಕು ಶುಕ್ರವಾರ ಸಂಜೆ ಶುರುವಾದದ್ದು ಭಾನುವಾರ ಮಧ್ಯಾಹ್ನಕ್ಕೆ ನಿಂತಿತು. ಚಳಿಯೋ, ಹೇಳಬೇಡ. ಬೆಳಗಾಗುವಷ್ಟರಲ್ಲಿ ಹಬೆಸ್ನಾನದ ಸೌನಾ ಮನೆಯ ಬಾಗಿಲು ಅರ್ಧ ಹೂತುಹೋಗಿತ್ತು. ಹವಾಮಾನ ಕಚೇರಿಗೆ ಹಿಮ ಅಳೆದು ಕೊಡುವ ಹಿತ್ತಲಿನ ನಮ್ಮ ಬಿಳಿ ಹಲಗೆಯ ಮೇಲೆ ಶನಿವಾರ ಬೆಳಿಗ್ಗೆ ಏಳಕ್ಕೆ ಎಂಟು ಅಂಗುಲ, ಮೇಲೆ ಹತ್ತರಲ್ಲಿ ನಾಲ್ಕು ಭಾಗ. ಅಳೆದು, ಹಲಗೆ ಒರೆಸಿ, ಅಭ್ಯಾಸಬಲ ನೋಡು, ಅಡುಗೆಮನೆ ಕಿಟಕಿ ಕಡೆ ತಿರುಗಿ ‘ಎಂಟು, ನಾಲ್ಕು!’ ಅಂತ ಕೂಗಿಬಿಟ್ಟೆ. ಬರೆದುಕೊಳ್ಳುವವರು ಯಾರಿದ್ದಾರೆ? ಕೈಗವಸು ತೆಗೆದು ನಾನೇ ಬರೆದುಕೊಂಡೆ.

ಮುಂದಿನ ಅಳತೆ ಮಧ್ಯಾಹ್ನ ಒಂದಕ್ಕೆ. ಅದು ತಪ್ಪಿಹೋಯಿತು, ಇಂಪಿ.

ನೀನು ಓದುತ್ತಿದ್ದವಳು ಇಲ್ಲಿ ನಿಂತಿರುತ್ತೀ, ನನಗೆ ಗೊತ್ತು. ಮೂವತ್ತೊಂದು ಚಳಿಗಾಲದಲ್ಲಿ ಲೆಕ್ಕದ ನೋಟ್‌ಬುಕ್ಕಿನ ಒಂದು ಮನೆಯನ್ನೂ ಖಾಲಿ ಬಿಟ್ಟವರಲ್ಲ ನಾವು. ನಿಮ್ಮಪ್ಪನ ಹೆಣ ಒಳಗಿನ ಕೋಣೆಯಲ್ಲಿದ್ದ ದಿನವೂ ನಾನು ಅಳೆದೆ, ನೀನು ಅತ್ತುಕೊಂಡೇ ಬರೆದೆ. ಈ ಸಲ ನಾನು ಪೇಟೆಗೆ ಇಳಿದಿದ್ದೆ, ಗಾಡಿ ಹೂತುಕೊಂಡಿತು, ಮನೆ ಮುಟ್ಟುವಾಗ ಸಂಜೆ ಏಳಾಗುತ್ತ ಬಂದಿತ್ತು. ಅಷ್ಟರಲ್ಲಿ ಗಾಳಿ ಎದ್ದು ಹಲಗೆಯ ಮೇಲಿದ್ದದ್ದನ್ನೆಲ್ಲ ಬಳಿದುಕೊಂಡು ಹೋಗಿತ್ತು. ಉಳಿದದ್ದು ಬರೀ ಐದು. ಅದನ್ನೇ ಬರೆದೆ. ಒಂದು ಗಂಟೆಯ ಮನೆ ಖಾಲಿ.

ಒಟ್ಟು ಕೂಡಿಸಿದರೆ ನಮ್ಮದು ಇಪ್ಪತ್ತೆಂಟೂವರೆ ಚಿಲ್ಲರೆ. ಪಕ್ಕದ ಕಾಪರ್ ಬೆಂಡಿನಲ್ಲಿ ಕುಸ್ಟಿ ಅಳೆದದ್ದು ಮೂವತ್ತಮೂರು. ಚಳಿಗಾಲದ ದೊಡ್ಡ ಬಿರುಗಾಳಿಯಲ್ಲಿ ಯಾರ ಊರಿಗೆ ಕಡಿಮೆ ಬೀಳುತ್ತೋ ಆ ಊರವರು ಮಾರ್ಚಿನಲ್ಲಿ ಇನ್ನೊಂದು ಊರಿಗೆ ಮೀನಿನ ಸಾರು ಬೇಯಿಸಿ ಬಡಿಸಬೇಕಲ್ಲ, ಒಂಬತ್ತು ವರ್ಷದಿಂದ ನಾವೇ ಬೇಯಿಸುತ್ತಿದ್ದೇವೆ. ಈ ಸಲ ಗೆದ್ದೆವು ಅಂತಲೇ ಎಲ್ಲರೂ ಕುಣಿಯುತ್ತಿದ್ದರು. ಶನಿವಾರ ಬೆಳಗಿನ ಹಿಮ ನಮ್ಮ ಗುಡ್ಡದ ಮೇಲೇ ಜಾಸ್ತಿ ಸುರಿದದ್ದು, ಊರೆಲ್ಲ ಕಣ್ಣಾರೆ ಕಂಡದ್ದು. ಒಂದು ಗಂಟೆಯ ಹೊತ್ತಿಗೆ ಏಳಂಗುಲಕ್ಕೆ ಮೋಸವಿಲ್ಲ. ಆ ಏಳು ಸೇರಿದ್ದರೆ ಕುಸ್ಟಿ ಸಾರು ಬೇಯಿಸುತ್ತಿದ್ದ.

ಸೋಮವಾರ ಸಹಕಾರಿ ಅಂಗಡಿಗೆ ಕಾಫಿಪುಡಿಗೆ ಹೋದೆ. ಹೋಗಬಾರದಿತ್ತು. ಗಲ್ಲಾದಲ್ಲಿ ಕೂತಿದ್ದ ತ್ಯೂನೆ ನನ್ನನ್ನು ಕಂಡಿದ್ದೇ ತಡ, ‘ಏನು ಆರ್ವಿಡಣ್ಣಾ, ಅಳತೆಪಟ್ಟಿಗೆ ನೆಗಡಿಯಾಗಿತ್ತಾ?’ ಅಂದಳು. ಒಲೆ ಸುತ್ತ ಕೂತವರೆಲ್ಲ ಹೋ ಅಂತ ನಕ್ಕರು.

‘ಏಳು ಅಂತ ಬರಿ ಮಾರಾಯ,’ ಅಂದ ವೈನೋ. ‘ಸುಳ್ಳೇನಲ್ಲವಲ್ಲ. ಬಿದ್ದದ್ದು ದೇವರಿಗೂ ಗೊತ್ತು.’

‘ಹಾಗಾದ್ರೆ ದೇವರೇ ಬಂದು ಬರೀಲಿ. ನಾನು ನೋಡಿಲ್ಲ.’

‘ನೋಡ್ದೇ ಇದ್ರೇನು? ಆ ಕುಸ್ಟಿ ಗಂಟೆಗೊಂದ್ಸಲ ಹಲಗೆ ಒರೆಸ್ತಾನಂತೆ. ಹಾಗೆ ಒರೆಸಿ ಒರೆಸಿ ಅಳೆದ್ರೆ ನಮ್ಮನೆ ನಾಯಿ ಬೆನ್ನ ಮೇಲೂ ಐವತ್ತಂಗುಲ ಬೀಳುತ್ತೆ.’

‘ಕುಸ್ಟಿ ಸುದ್ದಿಗೆ ಬರಬೇಡ,’ ಅಂದೆ. ನನಗೇ ಆಶ್ಚರ್ಯವಾಯಿತು, ಮೂವತ್ತು ವರ್ಷ ನಾನೇ ಅವನ ಮೇಲೆ ಹೊರಿಸುತ್ತಿದ್ದ ಅಪವಾದ ಅದು. ಹಿಮ ಕುಸಿಯುವ ಮೊದಲೇ ಒರೆಸಿ ಒರೆಸಿ ಕೂಡಿಸುವ ಕಳ್ಳಲೆಕ್ಕ ಅಂತ ನಿನ್ನ ಕಿವಿ ತೂತಾಗುವಷ್ಟು ಹೇಳಿದ್ದೇನೆ. ಕಾಫಿಪುಡಿ ಮರೆತು ಬಂದೆ.

ಮಂಗಳವಾರ ಹವಾಮಾನ ಕಚೇರಿಯಿಂದ ಫೋನು. ಹೊಸ ಹುಡುಗಿ, ದನಿ ಒಳ್ಳೆಯದು. ‘ಲೆಹ್ಟೋಲಾ ಅವರೇ, ಅಂದಾಜು ಹಾಕಿ ಕೊಟ್ಟರೂ ಸಾಕು, ಪಕ್ಕದಲ್ಲಿ ಅಂದಾಜು ಅಂತ ಬರೆದುಕೊಳ್ತೀವಿ. ನಿಮ್ಮಂಥ ಅನುಭವಸ್ಥರ ಅಂದಾಜು ಅಂದ್ರೆ ಅಳತೆಗೆ ಸಮ. ಇಷ್ಟು ವರ್ಷದ್ದು ಒಂದು ಖಾಲಿ ಮನೆಯಿಂದ ಹಾಳಾಗೋದು ಬೇಡ,’ ಅಂದಳು. ನಾಲಿಗೆ ತುದಿಗೆ ಏಳು ಅಂತ ಬಂದಿತ್ತು, ಇಂಪಿ, ಸುಳ್ಳು ಯಾಕೆ ಹೇಳಲಿ. ಆದರೆ ‘ಆ ಹೊತ್ತಿಗೆ ನಾನು ಅಲ್ಲಿರಲಿಲ್ಲಮ್ಮ, ಖಾಲಿಯೇ ಇರಲಿ’ ಅಂದುಬಿಟ್ಟೆ. ಫೋನು ಇಟ್ಟಮೇಲೆ ಕುರ್ಚಿಯಿಂದ ಏಳಲು ಮನಸ್ಸೇ ಬರಲಿಲ್ಲ. ಸಾಕಾಗಿಹೋಗಿದೆ. ಬರೀ ಮೈಯಲ್ಲ, ಒಳಗೂ.

ಗುರುವಾರ ಯಾರು ಬಂದರು ಹೇಳು? ಕುಸ್ಟಿ! ಆರು ಮೈಲಿ ಆ ರಸ್ತೆಯಲ್ಲಿ ಬಂದು, ಹೆಂಡತಿ ಕೊಟ್ಟ ಏಲಕ್ಕಿ ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಗೆದ್ದದ್ದನ್ನು ನನ್ನ ಮುಖಕ್ಕೆ ಹಿಡಿಯೋಕೆ ಬಂದ ಅಂದುಕೊಂಡೆ. ಕಾಫಿ ಕುಡಿದ, ನೋಟ್‌ಬುಕ್ಕು ಕೊಡು ಅಂದ, ಕನ್ನಡಕ ಹಾಕಿಕೊಂಡು ಆ ಖಾಲಿ ಮನೆಯನ್ನು ತುಂಬ ಹೊತ್ತು ನೋಡಿದ.

‘ಯಾರಾದ್ರೂ ಸತ್ತರೇನೋ?’ ಅಂದ.

‘ಇಲ್ಲ. ಗಾಡಿ ಹೂತುಕೊಳ್ತು.’

‘ಗಾಡಿ ಹೂತ್ರೆ ನಡ್ಕೊಂಡು ಬರೋ ಜಾತಿ ನಿಂದು.’ ನೋಟ್‌ಬುಕ್ಕು ಮುಚ್ಚಿಟ್ಟು ಮತ್ತೆ ಅವನೇ, ‘ನೋಡೋ, ಈ ಸಲದ್ದು ಲೆಕ್ಕಕ್ಕೆ ಬೇಡ. ಹೀಗೆ ಗೆದ್ದ ಸಾರು ನನ್ನ ಗಂಟಲಲ್ಲಿ ಇಳಿಯಲ್ಲ. ನೀನು ಅಲ್ಲಿ ಅಳೀತಿರ್ತೀಯ ಅಂತಲೇ ನಾನು ಇಷ್ಟು ವರ್ಷ ಎದ್ದು ಹೊರಗೆ ಹೋಗಿದ್ದು,’ ಅಂದ. ಇಂಥ ಮಾತು ಆ ಬಾಯಿಂದ! ಇನ್ನೊಂದು ತುಂಡು ಬ್ರೆಡ್ಡು ಕೊಯ್ದು ಕೊಟ್ಟೆ. ಹೊರಡುವಾಗ ‘ಇಂಪಿ ಹೇಗಿದ್ದಾಳೆ?’ ಅಂತ ಕೇಳಿದ. ಚೆನ್ನಾಗಿದ್ದಾಳೆ, ಕುಣೀತಿದ್ದಾಳೆ ಅಂದೆ. ನಗಲಿಲ್ಲ ಅವನು. ನನ್ನ ಭುಜ ತಟ್ಟಿ ಹೋದ.

ಸಾರನ್ನು ನಾವೇ ಬೇಯಿಸುತ್ತೇವೆ ಅಂತ ನಾನು ಅಂಗಡಿಯ ಹಲಗೆ ಮೇಲೆ ಬರೆದು ಬಂದಿದ್ದೇನೆ. ಊರವರು ನನ್ನ ಜೊತೆ ಅಷ್ಟಾಗಿ ಮಾತಾಡುತ್ತಿಲ್ಲ. ಆಲೂಗಡ್ಡೆ ಸುಲಿಯುವ ಹೊತ್ತಿಗೆ ಸರಿಹೋಗುತ್ತಾರೆ.

ಮನೆ ಚೆನ್ನಾಗಿದೆ. ಮಾಡಿನ ಮೇಲಿನ ಹಿಮ ಎರಡು ಸಲ ಕೆರೆದಿದ್ದೇನೆ. ನಿನ್ನ ಜೆರೇನಿಯಂ ಗಿಡದಲ್ಲಿ ಒಂದು ಹೋಯಿತು, ಉಳಿದವು ಇವೆ. ಬಿಸಿಲಲ್ಲಿ ತುಂಬ ಹೊತ್ತು ಕೂರಬೇಡ, ನಿನ್ನ ಚರ್ಮಕ್ಕೆ ಆಗದು. ಮೊಣಕಾಲಿಗೆ ಸಂಜೆ ಹೊತ್ತು ಉಣ್ಣೆಪಟ್ಟಿ ಸುತ್ತಿಕೋ, ಸರಿಹೋಯಿತು ಅಂತ ಬಿಡಬೇಡ. ಸಿಲ್ವಿಗೆ ನನ್ನ ನಮಸ್ಕಾರ ಹೇಳು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಆರ್ವಿಡ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಗಾಡಿ ಹೂತುಕೊಳ್ಳಲಿಲ್ಲ, ಇಂಪಿ. ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ ನೀನು ‘ಫೆಬ್ರವರಿ ಹತ್ತರ ಹೊತ್ತಿಗೆ ಬಂದರೂ ಬಂದೆ’ ಅಂತ ಬರೆದಿದ್ದೆ. ಆಮೇಲಿನ ಕಾಗದದಲ್ಲಿ ಆ ಮಾತೇ ಇಲ್ಲ, ಬರೋಲ್ಲ ಅಂತಲೂ ಇಲ್ಲ. ಹಾಗಾಗಿ ಶನಿವಾರ ಹನ್ನೊಂದಕ್ಕೇ ಪೇಟೆಗೆ ಹೋಗಿ ದಕ್ಷಿಣದಿಂದ ಬರುವ ಗ್ರೀನ್ ಬೇ ಬಸ್ಸಿಗೆ ಕಾದೆ. ಒಂದಕ್ಕೆ ಬರಬೇಕಾದದ್ದು ಐದಕ್ಕೆ ಬಂತು. ಕಾಲೇಜಿನ ಇಬ್ಬರು ಇಳಿದರು, ಇನ್ಯಾರೂ ಇಳಿಯಲಿಲ್ಲ. ನಾನು ಮೆಟ್ಟಿಲು ಹತ್ತಿ ಹಿಂದಿನ ಸೀಟಿನವರೆಗೂ ನೋಡಿದೆ, ನಿದ್ದೆ ಬಂದು ಕೂತಲ್ಲೇ ಉಳಿದಿದ್ದೀಯೇನೋ ಅಂತ. ಯಾರಿಗೆ ಕಾಯ್ತಿದ್ದೀರಿ ಅಂತ ಡ್ರೈವರ್ ಕೇಳಿದ. ಯಾರಿಗೂ ಇಲ್ಲ ಅಂದೆ. ನಾಚಿಕೆಯಾಯಿತು.

ಬರುವ ಮನಸ್ಸಿಲ್ಲದಿದ್ದರೆ ಹಾಗಂತಲಾದರೂ ಬರೆ, ನಾನು ತಡೆದುಕೊಳ್ಳುತ್ತೇನೆ. ನೀನು ಬರೆಯುವವರೆಗೆ ಮಧ್ಯಾಹ್ನ ಒಂದರ ಅಳತೆ ನನ್ನಿಂದ ಆಗದು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ ಕಚೇರಿಯ ಆ ಹುಡುಗಿಗೆ ಹೇಳಿದ್ದೇನೆ. ಯಾಕೆ ಅಂದಳು. ಆ ಹೊತ್ತಿಗೆ ದಿನಾ ಬಸ್ಸು ಬರುತ್ತಮ್ಮ ಅಂದೆ.