ತಲೆಯಿಂದ ಚಪ್ಪಲಿವರೆಗೆ

ಮೂಡಿಗೆರೆ
ಮಾರ್ಚ್ ೧೧, ೨೦೨೪

ಮುದ್ದಿನ ಸುಪ್ರಿಯಾ,

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಬಟ್ಟೆ ಮೈಗೆ ಕೂರಬೇಕೆಂದು ಸೌತೆಕಾಯಿ ಕಡಿದುಕೊಂಡೇ ದಿನ ದೂಡುತ್ತೀಯೋ? ಚಳಿಗೆ ಬರುತ್ತಿದ್ದ ಆ ಒಣಕೆಮ್ಮು ಈಗಲೂ ಇದೆಯಾ? ಮಂಡಿನೋವು ಒಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನಿಗೆ ಬಲಭುಜ ಹಿಡಿದುಕೊಂಡು ಕ್ಯಾಮೆರಾ ಎತ್ತಲು ಆಗುವುದಿಲ್ಲ. ಹಾಗಾಗಿ ನಮ್ಮ ಸ್ಟುಡಿಯೋಗೆ ಬರುವ ಮದುವೆ, ನಾಮಕರಣಗಳಿಗೆಲ್ಲ ಈಗ ನಾನೇ ಹೋಗುತ್ತೇನೆ. ಅವರು ಕೂತಲ್ಲಿಂದಲೇ ನನ್ನ ಫೋಟೋಗಳಲ್ಲಿ ತಪ್ಪು ಹುಡುಕುತ್ತಾರೆ. ಬಾಯಿಗೇನೂ ನೋವಿಲ್ಲ ನೋಡು.

ನೀನು ಅಭಿಷೇಕನನ್ನು ಮದುವೆಯಾಗಿ ಹೋದ ಮೇಲೆ, ಈ ಮನೆಯಲ್ಲಿ ನಿನ್ನ ಹೆಸರೆತ್ತಬಾರದು ಎಂದು ಅವರು ಮಾಡಿದ ಕಟ್ಟಳೆ ಹಾಗೇ ಇದೆ. ನಿನ್ನ ನಂಬರ್ ಬದಲಾಗಿದೆ. ವಿಳಾಸ ಕೇಳಿದರೆ ನಿಮ್ಮ ಮಾಡೆಲಿಂಗ್ ಆಫೀಸಿನವರು ಕೊಡಲಿಲ್ಲ. ಅದಕ್ಕೇ ಈ ಕಾಗದವನ್ನು ಬೆಂಗಳೂರಿನ ಫೋಟೋಗ್ರಾಫರ್ ರಾಜೇಶ್ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ಅಲ್ಲಿ ನಿನ್ನ ಶೋ ಇದೆಯಂತೆ; ನಿನ್ನ ಕೈಗೇ ಮುಟ್ಟಿಸುತ್ತೇನೆ ಎಂದಿದ್ದಾನೆ. ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕು. ಶನಿವಾರ ಅತ್ತಿಗುಂಡಿಯ ಆ ರೆಸಾರ್ಟಿನಲ್ಲಿ ನಾನು ಕರೆದಾಗ ನೀನು ಯಾಕೆ ನನ್ನ ಕಡೆ ತಿರುಗಲಿಲ್ಲ?

ನಾನು ಅಲ್ಲಿಗೆ ಹೇಗೆ ಬಂದೆ ಎಂದು ನಿನಗೆ ಆಶ್ಚರ್ಯವಾಗಿರಬಹುದು. ರಾಜೇಶ್ ಈ ಕಡೆ ಮದುವೆಗಳಿಗೆ ಬಂದಾಗ ಆಲ್ಬಮ್ಮಿನ ಕೆಲಸಕ್ಕೆ ನಮ್ಮಲ್ಲಿಗೇ ಬರುತ್ತಾನೆ. ಆ ರೆಸಾರ್ಟಿನ ಫ್ಯಾಶನ್ ಶೋಗೆ ಇನ್ನೊಂದು ಕ್ಯಾಮೆರಾ ಬೇಕೆಂದು ಕೇಳುತ್ತಾ ಫೋನಿನಲ್ಲಿ ಪೋಸ್ಟರ್ ತೋರಿಸಿದ. ಅದರಲ್ಲಿ ನೀನಿದ್ದೆ. ನನ್ನ ಮಗಳು ಎಂದು ನಾನು ಹೇಳಲಿಲ್ಲ. ಬರುತ್ತೇನೆ ಎಂದಷ್ಟೇ ಹೇಳಿದೆ. ನಿನ್ನನ್ನು ಹತ್ತಿರದಿಂದ ನೋಡಲು ಬೇರೆ ಯಾವ ದಾರಿ ಇತ್ತು ನನಗೆ?

ಆದರೆ ಮದುವೆ ಫೋಟೋ ತೆಗೆದ ಕೈಗೆ ರ‍್ಯಾಂಪಿನ ಕೆಲಸ ಒಗ್ಗುವುದಿಲ್ಲ ಕಣೇ. ಮದುವೆಯಲ್ಲಿ ನಾವು ಹೇಳಿದರೆ ಪುರೋಹಿತರೂ ನಿಲ್ಲುತ್ತಾರೆ. ಧಾರೆ ಎರೆಯುವ ಕೈಯನ್ನು ಹಾಗೇ ಹಿಡಿಸಿ, ಇಲ್ಲಿ ನೋಡಿ, ನಗಿ ಎಂದು ಕೂಗಿ ಕ್ಲಿಕ್ ಮಾಡುತ್ತೇವೆ. ಅಲ್ಲಿ ಯಾರನ್ನೂ ನಿಲ್ಲಿಸುವಂತಿಲ್ಲ, ಕೂಗುವಂತಿಲ್ಲ, ಫ್ಲಾಶ್ ಹಾಕುವಂತಿಲ್ಲ. ರಾಜೇಶ್ ಪಾಪ ತಾಳ್ಮೆಯಿಂದ ಹೇಳಿಕೊಟ್ಟ. ಫೋಕಸ್ಸನ್ನು ರ‍್ಯಾಂಪಿನ ತುದಿಗೆ ಮೊದಲೇ ಇಟ್ಟುಕೊಂಡಿರಬೇಕು. ಮುಂದಿನ ಕಾಲು ನೆಲಕ್ಕೆ ಊರಿದ ಗಳಿಗೆಯಲ್ಲೇ ಒತ್ತಬೇಕು, ತಡವಾದರೆ ಮಂಡಿ ಮಡಚಿ ಕುಂಟಿದ ಹಾಗೆ ಬರುತ್ತದೆ. “ಮುಖದ ಆಸೆ ಬಿಡಿ ಮೇಡಂ, ಅವ್ರು ದುಡ್ಡು ಕೊಡೋದು ಬಟ್ಟೆಗೆ. ತಲೆಯಿಂದ ಚಪ್ಪಲಿವರೆಗೆ ಬರ್ಬೇಕು” ಎಂದ.

ಕಲಿಯಲು ಜಾವಳಿಗೆ ಹೋದೆ, ನಿನ್ನ ಸಿದ್ದಬಸಪ್ಪ ಮಾವನ ಮನೆಗೆ. ಕಾಫಿ ಒಣಗಿಸುವ ಕಣದ ನಡುವೆ ಹಣ್ಣನ್ನು ಎರಡೂ ಕಡೆಗೆ ಎಳೆಸಿ ದಾರಿ ಮಾಡಿಸಿದೆ. ಮಾವನ ಮಗಳು ನಿಖಿತಾ ಎತ್ತರದ ಚಪ್ಪಲಿ ಹಾಕಿಕೊಂಡು ಅದರ ಮೇಲೆ ನಡೆದಳು. ನಾನು ನೆಲಕ್ಕೆ ಕುಕ್ಕರು ಕೂತು, ಕ್ಯಾಮೆರಾವನ್ನು ಅವಳ ಸೊಂಟದ ಎತ್ತರಕ್ಕೆ ಹಿಡಿದು ಒತ್ತಿದ್ದೇ ಒತ್ತಿದ್ದು. ಮೊದಮೊದಲು ಪಾದವೇ ಇಲ್ಲ. ಆಮೇಲೆ ಪಾದ ಬಂತು, ತಲೆ ಹೋಯಿತು. ಮಾವ ಜಗಲಿಯಲ್ಲಿ ಕೂತು, “ಏನಕ್ಕ, ಕಾಫಿ ಒಣಗ್ಸೋ ಜಾಗದಲ್ಲಿ ಮಗೀನೇ ಒಣಗ್ಸಕ್ಕೆ ಹೊರಟ್ಯಲ್ಲೇ” ಎಂದು ನಗಾಡಿದ. ನಗಲಿ ಬಿಡು. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಕೈ ಕುದುರಿತ್ತು, ಮಂಡಿ ಕೆಟ್ಟಿತ್ತು.

ಶನಿವಾರ ಎಲ್ಲ ಸರಿಯಾಗಿಯೇ ಶುರುವಾಯಿತು. ರ‍್ಯಾಂಪಿನ ತುದಿಯಲ್ಲಿ ರಾಜೇಶ್ ಒಂದು ಪಕ್ಕ, ನಾನು ಒಂದು ಪಕ್ಕ. ಬಂದ ಹುಡುಗಿಯರನ್ನೆಲ್ಲ ತಲೆಯಿಂದ ಚಪ್ಪಲಿವರೆಗೆ ಹಿಡಿದೆ. ಆಮೇಲೆ ನೀನು ಬಂದೆ. ಕೂದಲನ್ನು ನನ್ನ ಕಡೆಯ ಕೆನ್ನೆಯ ಮೇಲೆ ಇಳಿಬಿಟ್ಟಿದ್ದೆ. ಎಷ್ಟು ಇಳಿದು ಹೋಗಿದ್ದೀಯ ಸುಪ್ರಿ. ಕಾಲು, ಬಟ್ಟೆ, ಫೋಕಸ್ಸು, ಒಂದೂ ನೆನಪಿಗೆ ಬರಲಿಲ್ಲ. ನಿನ್ನ ಮುಖವನ್ನೇ ಹತ್ತಿರ ಎಳೆದುಕೊಂಡು ಒತ್ತುತ್ತಾ ಹೋದೆ. ನನ್ನ ಮುಂದೆಯೇ ಬಂದು ನಿಂತಾಗ ಬಾಯಿ ತಡೆಯಲಿಲ್ಲ, ಮದುವೆಮನೆಯ ಚಾಳಿ. “ಪುಟ್ಟಿ, ಇತ್ಲಾಗೆ ನೋಡೇ” ಎಂದು ಕೂಗಿಬಿಟ್ಟೆ. ಸಾಲಿನಲ್ಲಿ ಕೂತವರೆಲ್ಲ ನನ್ನನ್ನು ನೋಡಿದರು. ನೀನೊಬ್ಬಳೇ ನೋಡಲಿಲ್ಲ. ಉಳಿದವರೆಲ್ಲ ಎರಡೂ ಕಡೆಗೆ ತಿರುಗಿ ಹೋಗಿದ್ದರು. ನೀನು ರಾಜೇಶ್ ಕಡೆ ಮಾತ್ರ ತಿರುಗಿ, ನನಗೆ ಬೆನ್ನು ಹಾಕಿ ಹೋದೆ. ಆಮೇಲೆ ಹಿಂದುಗಡೆ ಬಂದು ವಿಚಾರಿಸಿದರೆ, ಆಗಲೇ ಕಾರು ಹತ್ತಿದ್ದಾಳೆ ಎಂದರು.

ರಾಜೇಶ್ ಫೋಟೋ ನೋಡಿ, “ಎಲ್ಲರ್ದೂ ಚೆನ್ನಾಗ್ ತೆಗ್ದಿದೀರಿ, ಇವರೊಬ್ಬರ್ದು ಯಾಕೆ ಹೀಗೆ ಮೇಡಂ? ಬಟ್ಟೇನೇ ಇಲ್ವಲ್ಲ” ಎಂದ. ಆಗ ಅವನ ಮುಂದೆ ಅತ್ತುಬಿಟ್ಟೆ. ಮಗಳು ಎಂದು ಗೊತ್ತಾದದ್ದು ಅವನಿಗೆ ಆಗಲೇ. ಅಪ್ಪನ ಮೇಲಿನ ಸಿಟ್ಟು ನನ್ನ ಮೇಲೂ ಇದೆಯೇನೇ? ನಿನ್ನನ್ನು ಹೊರಗೆ ಹೋಗು ಎಂದದ್ದು ಅವರು. ನಾನು ಬಾಗಿಲ ಸಂದಿಯಲ್ಲಿ ಅಳುತ್ತಾ ನಿಂತದ್ದು ನಿನಗೆ ಕಂಡಿತ್ತಲ್ಲ. ಬೈಯುವುದಿದ್ದರೆ ಬೈದು ಎರಡು ಸಾಲು ಬರೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಎಷ್ಟು ದಿನ ಅನ್ನ ಉಣ್ಣಲಿ?

ಮಾವನ ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ. ಆ ಶಿವ ನಿನ್ನ ಬೆನ್ನಿಗಿರಲಿ.

ನಿನ್ನನ್ನು ಹೆತ್ತವಳು,
ಸರ್ವಮಂಗಳಾ

ಮರೆತದ್ದು: ಕಾಗದ ಮಡಿಚಿಟ್ಟ ಮೇಲೆ ಇದನ್ನು ಬರೆಯುತ್ತಿದ್ದೇನೆ, ರಾಜೇಶ್ ಹೊರಗೆ ಕಾಯುತ್ತಿದ್ದಾನೆ. ಈಗಷ್ಟೇ ನಿನ್ನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ಗಾಳಿಗೆ ಕೂದಲು ಹಾರಿದೆ. ಎಡಗಿವಿಯ ಕೆಳಗೆ, ದವಡೆಯ ಉದ್ದಕ್ಕೂ ಪೌಡರಿನ ಬಣ್ಣವೇ ಬೇರೆ. ಮದುಮಕ್ಕಳ ಮುಖ ತಿದ್ದಿ ತಿದ್ದಿ ಹಣ್ಣಾದವಳು ನಾನು. ಮೊಡವೆಯ ಕಲೆ ಯಾವುದು, ಬೆರಳಿನ ಬಾಸುಂಡೆ ಯಾವುದು ನನಗೆ ಗೊತ್ತಾಗುತ್ತದೆ. ನಾನು ನೋಡಿಬಿಡುತ್ತೇನೆ ಎಂದೇ ನೀನು ಆ ಕಡೆ ತಿರುಗಿದೆ. ಸಿಟ್ಟು ಎಂದುಕೊಂಡು ಇಷ್ಟುದ್ದ ಬರೆದೆನಲ್ಲ. ಅಪ್ಪನನ್ನು ಕರೆದು ತೋರಿಸಿದೆ. ಎದ್ದು ಒಳಗೆ ಹೋದರು. ಆಮೇಲೆ ಅಂಗಿ ಹಾಕಿಕೊಂಡು ಬಂದು, “ಸುಪ್ರಿಯಾ ಮನೆ ಎಲ್ಲೇ?” ಎಂದು ಕೇಳಿದರು. ಹೆತ್ತವಳು ನಾನು, ಗೊತ್ತಿಲ್ಲ ಎಂದೆ. ರಾಜೇಶ್ ಕಾರಿನಲ್ಲಿ ಇಬ್ಬರೂ ಬರುತ್ತಿದ್ದೇವೆ. ಇದು ನಿನ್ನ ಕೈಗೆ ಬಂದಾಗ ಶೋ ನಡೆಯುವ ಜಾಗದ ಗೇಟಿನ ಹೊರಗೆ ಇರುತ್ತೇವೆ.